ನಮ್ಮ ಮಾಮಾ ಹಿಡಿದ ಖೂನಿಗಾರರು

ಒಬ್ಬ ಫೌಜದಾರ ತನ್ನ ಇಡೀ ನೌಕರಿಯಲ್ಲಿ ಹಿಡಿಯುವಷ್ಟು ಖೂನಿಗಾರರನ್ನು ನಮ್ಮ ಮಾಮಾ ಒಂದೇ ಮಳೆಗಾಲದಲ್ಲಿ ಹಿಡಿದರು. ಅದೂ ಕೂತ ಕುರ್ಚಿಯಿಂದ ಏಳದೆ!

ಎಂಬತ್ತರ ದಶಕದ ಮಾತು. ಹುಮನಾಬಾದಿನ ನಮ್ಮ ಓಣಿಗೆ ಮೊದಲ ಟಿ.ವಿ. ಬಂದದ್ದು ಮಾಮಾನ ಮನೆಗೆ. ನಾನು ಅವರ ತಂಗಿಯ ಮಗಳು, ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದೆ. ಮನೆಯಲ್ಲಿ ಮೂರೇ ಜನ: ಮಾಮಾ, ಅವರ ಒಬ್ಬಳೇ ಮಗಳು ಅಕ್ಕ, ಮತ್ತೆ ನಾನು. ಅತ್ತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅಕ್ಕನಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಬೆಳೆಸಿದವರು ಮಾಮಾನೇ.

ರವಿವಾರಕ್ಕೊಮ್ಮೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಮೊದಲ ವಾರವೇ ಖೂನಿ. ಮಾಡಿದವರು ಯಾರು? ಅದೇ ಪಂಚಾಯ್ತಿ! ಈ ವಾರ ಕಂಪೌಂಡರನೇ ಅಂತ ಖಾತ್ರಿಯಾದರೆ, ಮುಂದಿನ ವಾರ ಅವನು ದೇವರಂಥ ಮನುಷ್ಯ, ಖರೇ ಬದ್ಮಾಶ್ ಬೇರೆ. ಅದರ ಮುಂದಿನ ವಾರ ಮತ್ತೊಬ್ಬ. ಬರೆಯುವವನದಾದರೂ ಏನು ತಪ್ಪು ಹೇಳಿ? ಮೊದಲ ವಾರವೇ ಕಳ್ಳ ಸಿಕ್ಕುಬಿದ್ದರೆ ಉಳಿದ ವಾರ ಭಜನೆ ಮಾಡಿಸಬೇಕೇ?

ನಮಗೆಲ್ಲ ಅದು ನಾಟಕ. ಮಾಮಾನಿಗೆ ಮಾತ್ರ ಎಚ್ಚರಿಕೆ. ಕಂಪೌಂಡರನ ಮೇಲೆ ಸಂಶಯ ಬಂದ ವಾರ ಅವರು ಹಲ್ಲುನೋವಿಗೆ ದವಾಖಾನೆಗೆ ಹೋಗಲೊಲ್ಲರು. ಬಾಯಲ್ಲಿ ಲವಂಗ ಇಟ್ಟುಕೊಂಡು, ಗಲ್ಲ ಊದಿಸಿಕೊಂಡು ಕೂತರು. ಮುಂದಿನ ರವಿವಾರ ಟಿ.ವಿ.ಯ ಕಂಪೌಂಡರ್ ನಿರ್ದೋಷಿ ಅಂತಾದದ್ದೇ ತಡ, ನಮ್ಮೂರ ಕಂಪೌಂಡರನಿಗೆ ಬಾಳೆಹಣ್ಣು ಒಯ್ದು ಮಾಫಿ ಕೇಳಿಬಂದರು. ಪಾಪ, ತನ್ನ ಮೇಲೆ ಖೂನಿಯ ಆರೋಪ ಇತ್ತೆಂಬುದೇ ಆತನಿಗೆ ಗೊತ್ತಿರಲಿಲ್ಲ! ಆಮೇಲೆ ಚಾ ಹೋಟೆಲಿನವನ ಸರದಿ. ವಾರವಿಡೀ ಮಾಮಾ ನಾನು ಮಾಡಿದ ಚಾ ಕುಡಿದರು. ಅದು ಇನ್ನೂ ದೊಡ್ಡ ಶಿಕ್ಷೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ಕಲ್ಯಾಣದಿಂದ ಅಕ್ಕನಿಗೊಂದು ಸಂಬಂಧ ಬಂತು. (ಬಸವಕಲ್ಯಾಣಕ್ಕೆ ನಾವು ಕಲ್ಯಾಣ ಅಂತಲೇ ಅನ್ನುವುದು.) ಹುಡುಗ ಮಾಸ್ತರ, ಚಷ್ಮಾದವ, ಮೆತ್ತಗೆ ಮಾತಾಡುವವ. ಅಕ್ಕನಿಗೆ ನೋಡಿದ ಕೂಡಲೇ ಮನಸ್ಸಿಗೆ ಬಂದ. ನನ್ನ ಕಿವಿಯಲ್ಲಿ ಹೇಳಿಯೂ ಹೇಳಿದಳು. ಆದರೆ ಏನು ಮಾಡೋದು, ಆ ವಾರದ ಖಳ ಚಷ್ಮಾದ ಮಾಸ್ತರ! ಕನ್ಯಾ ನೋಡಲು ಬಂದವ ಚುರುಮುರಿ ಸುಸಲಾ ತಿಂದು ಕಿಸೆಗೆ ಕೈ ಹಾಕಿದರೆ ಮಾಮಾ ಕುರ್ಚಿಯ ತುದಿಗೆ ಬಂದರು. ಹೊರಗೆ ಬಂದದ್ದು ಬಾಯಿ ಒರೆಸುವ ದಸ್ತಿ. ಮುಂದಿನ ವಾರ ಹೇಳುತ್ತೇವೆ ಅಂತ ಸಾಗಹಾಕಿದರು. ಮುಂದಿನ ವಾರ ಟಿ.ವಿ.ಯ ಮಾಸ್ತರ ಪಾರಾದ, ಅವನ ಅಣ್ಣ ಸಿಕ್ಕುಬಿದ್ದ. ನಮ್ಮ ಹುಡುಗನಿಗೂ ಒಬ್ಬ ಅಣ್ಣ ಇರಬೇಕೇ! ಅಣ್ಣನಾದ ಮೇಲೆ ಕಾಕಾ, ಕಾಕಾನಾದ ಮೇಲೆ ತಾಯಿ. ತಿಂಗಳು ತುಂಬುವುದರೊಳಗೆ ಬೀಗರ ಮನೆಯ ಹಿರಿಯರೆಲ್ಲ ನಮ್ಮ ಪಡಸಾಲೆಯಲ್ಲಿ ಒಂದೊಂದು ಖೂನಿ ಮಾಡಿ ಮುಗಿಸಿದರು.

ಕಡೆಗೆ ಕಲ್ಯಾಣದವರು ಬೇಸತ್ತರು. ಸೋಮವಾರದೊಳಗೆ ಹೂಂ ಅನ್ನದಿದ್ದರೆ ಹುಲಸೂರಿನ ಕನ್ಯೆಯನ್ನು ಗೊತ್ತುಮಾಡುತ್ತೇವೆ ಅಂತ ಹೇಳಿಕಳಿಸಿದರು. ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ರವಿವಾರ ಧಾರಾವಾಹಿ ಸುರುವಾಯಿತು. ಪತ್ತೇದಾರ ಬೆರಳು ಎತ್ತಿದ, ಇನ್ನೇನು ಹೆಸರು ಹೇಳಬೇಕು, ಅಕ್ಕ ಎದ್ದು ಟಿ.ವಿ. ಬಂದ್ ಮಾಡಿಬಿಟ್ಟಳು.

"ಅಪ್ಪಾ, ಆ ಮಂದಿ ಕೆಟ್ಟವ್ರು ಅಂತ ಖರೇನೇ ಅನಸ್ತದೇನು ನಿನಗ?"

ಮಾಮಾ ಖಾಲಿ ಪರದೆಯಿಂದ ಅಕ್ಕನ ಕಡೆ ತಿರುಗಿದರು.

"ಇಲ್ಲವ್ವ, ಛಲೋ ಮಂದಿನೇ ಅದಾರ. ಆದ್ರ ಯಾರು ಬಂದ್ರೂ ನಿನ್ನ ಒಯ್ಯಾಕ ಬಂದವ್ರೇ ಅಲ್ಲೇನು? ಒಬ್ಬರ ಮಾರಿನೂ ನನಗ ನೆಟ್ಟಗ ಕಾಣವಲ್ದು."

ಅಕ್ಕ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಇಷ್ಟು ದಿನ ನಕ್ಕ ನನಗೂ ತಡೆಯಲಾಗಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಮಾಮಾ ನನ್ನನ್ನೂ ಕರೆದುಕೊಂಡು ಕಲ್ಯಾಣಕ್ಕೆ ಹೊರಟರು. ಬೀಗರ ಮುಂದೆ ಹ್ಯಾಂಗ ಮಾತಾಡಬೇಕೆಂದು ದಾರಿಯುದ್ದಕ್ಕೂ ತಾಲೀಮು ನಡೆಯಿತು. ಅಲ್ಲಿ ಮುಟ್ಟಿದಾಗ ಆ ತಾಲೀಮೆಲ್ಲ ಬಸ್ಸಿನಲ್ಲೇ ಉಳಿದಿತ್ತು. ಹುಡುಗನ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟರು.

"ಅಕಿಗಿ ಕತ್ತಲಂದ್ರ ಅಂಜಿಕಿ ಅದ. ಮಲಗೂ ಮುಂದ ದೀಪ ಪೂರಾ ಆರಸಬ್ಯಾಡ್ರಿ," ಅಂದರು.

ಹುಡುಗ ಚಷ್ಮಾ ತೆಗೆದು ಕಣ್ಣೊರೆಸಿಕೊಂಡ.

"ಆರಸಂಗಿಲ್ರಿ, ಮಾಮಾ."