ಸಾವಿಗೆ ಎಕಾನಮಿ, ಮದುವೆಗೆ ಪವರ್

ಗಾಡಿ ರಿಪೇರಿಗೆ ಬಂದೋರು ಗಾಡಿ ಒಂದನ್ನೇ ಬಿಚ್ಚಿ ತೋರಿಸಲ್ಲ, ತಮ್ಮ ಬುದ್ಧೀನೂ ಬಿಚ್ಚಿ ಎದುರಿಗೆ ಇಡ್ತಾರೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೇಲಿ ನನ್ನ ಅಂಗಡಿ ಇದ್ದಷ್ಟು ವರ್ಷ ಇಂಥದ್ದು ಏನಾದ್ರೊಂದು ಆಗ್ತಾನೇ ಇತ್ತು. ಆಗ ವಿಮಾನ ಕಾರ್ಖಾನೆ ಸೈರನ್ ಕೂಗಿದ್ರೆ ರಸ್ತೆ ತುಂಬ ಸೈಕಲ್ಲು, ಸ್ಕೂಟರ್ರು. ಕಾಲು ಗಂಟೆ ಕಳೆದ್ರೆ ಮತ್ತೆ ಖಾಲಿ. 

ನನಗಿದ್ದಿದ್ದು ಒಂದೇ ಚಿಂತೆ. ವಯಸ್ಸಾಗ್ತಾ ಬಂತು, ಹೆಣ್ಣು ಸಿಗ್ತಿರ್ಲಿಲ್ಲ. ನೋಡೋಕೆ ಹೋದ ಕಡೆಯೆಲ್ಲ ನನ್ನ ಮುಖಕ್ಕಿಂತ ಮೊದಲು ಉಗುರು ನೋಡೋರು. ಎಷ್ಟು ತಿಕ್ಕಿದ್ರೂ ಗ್ರೀಸು ಹೋಗುತ್ತಾ ಸ್ವಾಮಿ?

೧. ದೋನೋ ಹೋನಾ

ಆಗಿನ ಗಾಡಿಗಳಿಗೆ ಸ್ವಿಚ್ಚೂ ಇಲ್ಲ, ಗಿಚ್ಚೂ ಇಲ್ಲ. ಕಾರ್ಬುರೇಟರ್‌ನಲ್ಲಿ ಒಂದು ಸ್ಕ್ರೂ. ಒಂದು ಕಡೆ ತಿರುಗಿಸಿದ್ರೆ ಆಕ್ಸಿಲರೇಟರ್ ಮುಟ್ಟಿದ ಕೂಡ್ಲೇ ಜಿಗಿಯುತ್ತೆ, ಇನ್ನೊಂದು ಕಡೆ ತಿರುಗಿಸಿದ್ರೆ ಪೆಟ್ರೋಲ್ ಉಳಿಯುತ್ತೆ. "ಪಿಕಪ್ಪಾ, ಮೈಲೇಜಾ?" ಅಂತ ಕೇಳಿ ತಿರುಗಿಸೋದು ನನ್ನ ಕಸುಬು.

ಶಿವಾಜಿನಗರದ ಬಟ್ಟೆ ವ್ಯಾಪಾರಿ ಸಾಹೇಬ್ರೊಬ್ರು, "ದೋನೋ ಹೋನಾ ಭಾಯ್" ಅಂದ್ರು. ಎರಡೂ ಒಟ್ಟಿಗೆ ಆಗಲ್ಲ ಅಂದೆ.

"ಒಟ್ಟಿಗೆ ಯಾರು ಕೇಳಿದ್ರು? ಅಂಗಡಿಗೆ ಹೋಗ್ವಾಗ ಲೇಟ್ ಆಗಿರುತ್ತೆ, ಪಿಕಪ್ ಬೇಕು. ಮನೆಗೆ ಬರ್ವಾಗ ಏನು ಅರ್ಜೆಂಟು? ಮೈಲೇಜ್ ಸಾಕು."

"ಹೋಗೋದ್ಯಾವುದು ಬರೋದ್ಯಾವುದು ಅಂತ ಗಾಡಿಗೆ ಹೇಗೆ ಗೊತ್ತಾಗುತ್ತೆ ಸಾಹೇಬ್ರೇ?"

"ನಮ್ಮಪ್ಪನ ಜಟಕಾ ಕುದುರೆಗೆ ಗೊತ್ತಾಗ್ತಿತ್ತಲ್ಲ! ಅದಕ್ಕೆ ಯಾವ ಸ್ಕ್ರೂ ಇತ್ತು?" ಅಂತ ನನ್ನನ್ನೇ ದಬಾಯಿಸಿದ್ರು.

೨. ಯಜಮಾನ್ರ ಸ್ವಿಚ್ಚು

ಎರಡು ಸಾವಿರ ಇಸವಿ ಕಳೆದ್ಮೇಲೆ ಹ್ಯಾಂಡಲ್ ಹತ್ರ ಸ್ವಿಚ್ ಇರೋ ಬೈಕು ಬಂತು. ಹಸಿರು ದೀಪ ಅಂದ್ರೆ ಎಕಾನಮಿ, ಗಾಡಿ ಮೆತ್ತಗೆ ಎಳೆಯುತ್ತೆ. ಕೆಂಪು ಅಂದ್ರೆ ಪವರ್. ನನ್ನ ಸ್ಕ್ರೂಗೆ ಇನ್ನು ಬೆಲೆ ಇಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು.

ದೊಡ್ಡನೆಕ್ಕುಂದಿಯ ಯಜಮಾನ್ರೊಬ್ರು, ರಾಗಿ ಬೆಳೀತಿದ್ದ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿದೋರು, ಅಂಥದ್ದೊಂದನ್ನ ಸರ್ವಿಸ್‌ಗೆ ತಂದ್ರು. ಸ್ವಿಚ್ ಉಪಯೋಗಿಸ್ತೀರಾ ಅಂತ ಕೇಳ್ದೆ.

"ಮತ್ತೆ? ಮದುವೆ, ನಾಮಕರಣಕ್ಕೆ ಪವರ್. ಸಾವಿಗೆ, ತಿಥಿಗೆ ಎಕಾನಮಿ."

"ಯಾಕೆ ಯಜಮಾನ್ರೇ?"

"ಸತ್ತೋರ ಮನೆ ಮುಂದೆ ಪವರ್‌ನಲ್ಲಿ ಜುಯ್ ಅಂತ ಹೋಗಿ ನಿಂತ್ರೆ ಜನ ಏನಂತಾರೆ? ಆಸ್ತಿ ಭಾಗಕ್ಕೆ ಓಡ್ಬಂದ ಅಂತಾರೆ!"

೩. ಕೈಗುಣ

ಮೂರು ತಿಂಗಳಾದ್ಮೇಲೆ ಅವರು ಮತ್ತೆ ಬಂದ್ರು. ಟ್ಯಾಂಕ್ ಎತ್ತಿ ನೋಡ್ತೀನಿ, ಸ್ವಿಚ್ಚಿಂದ ಇಂಜಿನ್ ಕಡೆ ಹೋಗೋ ವೈರು ಸುಮ್ನೆ ನೇತಾಡ್ತಾ ಇದೆ! ಹೋದ ಸಲ ಬಿಚ್ಚಿದೋನು ವಾಪಸ್ ಸಿಕ್ಕಿಸೋದು ಮರೆತಿದ್ದೆ. ದೀಪದ ವೈರು ಬೇರೆ, ಅದಕ್ಕೇ ಹಸಿರು ಕೆಂಪು ಮಾತ್ರ ಚೆನ್ನಾಗಿ ಉರೀತಿತ್ತು. ಗಾಡಿ ಅಷ್ಟೂ ದಿನ ಪವರ್‌ನಲ್ಲೇ ಓಡಿದೆ. 

ನಾನು ಬಾಯಿ ಬಿಡೋಷ್ಟ್ರಲ್ಲಿ ಯಜಮಾನ್ರೇ ಶುರು ಮಾಡಿದ್ರು. "ಏನ್ ಕೈಗುಣನಯ್ಯಾ ನಿಂದು! ನೀನು ಮುಟ್ಟಿದ್ಮೇಲೆ ಎಕಾನಮಿ ಅಂದ್ರೆ ಬೆಣ್ಣೆ, ಪವರ್ ಅಂದ್ರೆ ಬೆಂಕಿ. ಮದುವೆ ಆಗಿದೆಯಾ?"

"ಇನ್ನೂ ಇಲ್ಲ."

"ಭಾನುವಾರ ನಿಮ್ಮ ತಾಯೀನ ಕರ್ಕೊಂಡು ಮನೆಗೆ ಬಾ. ನಮ್ಮ ಹುಡುಗಿ ಇದಾಳೆ."

ವೈರಿನ ವಿಷ್ಯ ಒಪ್ಕೊಂಡ್ರೆ ಹುಡುಗಿ ಕೈ ತಪ್ಪಿ ಹೋಗ್ತಾಳೆ. ಬಾಯಿ ಮುಚ್ಕೊಂಡು ವೈರ್ ಸಿಕ್ಕಿಸಿ, ಟ್ಯಾಂಕ್ ಕೂರಿಸಿ ಕಳಿಸ್ದೆ. ಆಮೇಲೆ ಸೀಮೆಎಣ್ಣೇಲಿ ಉಗುರು ತಿಕ್ಕೋಕೆ ಕೂತೋನು ಭಾನುವಾರದವರೆಗೂ ಏಳಲಿಲ್ಲ.

೪. ಹೆಣ್ಣು ನೋಡೋ ಶಾಸ್ತ್ರ

ಹುಡುಗಿ ಕೆ.ಆರ್. ಪುರದ ಒಂದು ಸ್ಕೂಲಲ್ಲಿ ಟೀಚರ್. ಕಾಫಿ ತಂದುಕೊಟ್ಳು, ಒಂದ್ಸಲ ನಕ್ಕಳು. ಅಷ್ಟಕ್ಕೇ ನಾನು ಮುಗಿದುಹೋದೆ. ಇವಳೇ ಆಗ್ಬೇಕು ಅಂತ ಮನಸಲ್ಲೇ ದೇವರಿಗೆ ಕೈ ಮುಗಿದೆ. ಆದ್ರೆ ಯಜಮಾನ್ರ ಮುಖ ಮಾತ್ರ ಗಂಟಿಕ್ಕಿತ್ತು.

"ಏನಯ್ಯಾ ಮಾಡ್ದೆ ನನ್ನ ಗಾಡಿಗೆ? ಎಕಾನಮಿ ಹಾಕಿದ್ರೆ ಈದ ಎಮ್ಮೆ ಥರ ನಡೆಯುತ್ತೆ! ಹೋದ ಸಲದ ಕೈ ಎಲ್ಲಿ ಹೋಯ್ತು?"

ಅಮ್ಮ ನನ್ನ ತೊಡೆ ಚಿವುಟಿದ್ಲು, ಏನಾದ್ರೂ ಹೇಳಿ ತೇಲಿಸ್ಬಿಡು ಅಂತ. ಗಿರಾಕಿ ಹತ್ರ ಆಗಿದ್ರೆ ತೇಲಿಸ್ತಿದ್ದೆ. ಆ ಹುಡುಗಿ ಎದುರಿಗೆ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ. ವೈರು ಮರೆತಿದ್ದು, ಆಮೇಲೆ ಕದ್ದು ಸಿಕ್ಕಿಸಿದ್ದು, ಎಲ್ಲಾ ಒದರ್ಬಿಟ್ಟೆ.

 ಯಜಮಾನ್ರು ಮೆಲ್ಲಗೆ ಎದೆ ಮೇಲೆ ಕೈ ಇಟ್ಕೊಂಡ್ರು. "ಅಂದ್ರೆ... ನಮ್ಮ ದೊಡ್ಡಪ್ಪನ ಮಣ್ಣಿಗೆ ನಾನು ಪವರ್‌ನಲ್ಲಿ ಹೋಗಿದ್ನಾ?"

"ಹೌದು ಯಜಮಾನ್ರೇ."

ಇನ್ನೇನು ಉಳಿದಿದೆ ಅಂತ ಎದ್ದು, "ಬಾಮ್ಮ, ಹೋಗೋಣ" ಅಂದೆ. ಅಮ್ಮ ಕಣ್ಣು ಒರೆಸ್ಕೊಂಡು ಎದ್ಲು. ನಾನಾಗ್ಲೇ ಚಪ್ಪಲಿ ಹುಡುಕ್ತಾ ಇದ್ದೆ.

ಬಾಯಿಗೆ ಸೆರಗು ಅಡ್ಡ ಹಿಡಿದು ನಗು ತಡೀತಿದ್ದ ಹುಡುಗಿ ಆಗ ಬಾಯಿ ಬಿಟ್ಳು. "ಅಪ್ಪಾ, ತಾನು ಮಾಡಿದ ತಪ್ಪು ತಾನೇ ಒಪ್ಕೊಳೋ ಮೆಕ್ಯಾನಿಕ್ಕು ಇಡೀ ಬೆಂಗಳೂರಲ್ಲಿ ಇವರೊಬ್ರೇ ಇರ್ಬೇಕು. ಬಿಟ್ರೆ ಇನ್ನೊಬ್ರು ಸಿಗಲ್ಲ."

 ಯಜಮಾನ್ರು ದಡಬಡ ಎದ್ದು ಹೋಗಿ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಬಿಟ್ರು.