ಹಿಲ್ಯಾ ಹಾಕುತ್ತಿದ್ದ ಮದ್ದು

ಹೆಂಡತಿ ಸತ್ತು ಏಳು ತಿಂಗಳಾದರೂ ಆರ್ವೋ ಕಂಗಾಸನಿಗೆ ಅವಳ ಮೇಲಿನ ಸಿಟ್ಟು ಇಳಿದಿರಲಿಲ್ಲ. ಹೋಗುವವಳು ಹೇಳಿ ಹೋಗಬಾರದೇ? ಉಣ್ಣೆಯ ಕಾಲುಚೀಲ ಯಾವ ಪೆಟ್ಟಿಗೆಯಲ್ಲಿದೆ, ಹಬೆಸ್ನಾನದ ಸೌನಾ ಕೋಣೆಯ ಒಲೆ ಯಾಕೆ ಹೊಗೆಯನ್ನು ಒಳಗೇ ಕಾರುತ್ತದೆ, ಕೋವಿಯ ತೋಟಾಕ್ಕೆ ಸಿಡಿಮದ್ದು ಎಷ್ಟು, ಒಂದನ್ನೂ ಹೇಳದೆ ಏಪ್ರಿಲ್‌ನ ಒಂದು ಬೆಳಗ್ಗೆ ಕಾಫಿಗೆ ನೀರಿಟ್ಟು ಹೊರಟುಹೋಗಿದ್ದಳು.

ಮೂವತ್ತೊಂದು ವರ್ಷ ಅವನ ತೋಟಾ ತುಂಬಿಸಿದವಳು ಹಿಲ್ಯಾ. ಅಡುಗೆಮನೆಯ ಮೇಜಿಗೆ ಒತ್ತುಯಂತ್ರ ಬಿಗಿದು, ಖಾಲಿಯಾದ ಹಿತ್ತಾಳೆ ಕವಚಗಳಿಗೆ ಮದ್ದು ತೂಗಿ ಸುರಿದು, ಮೇಲೆ ದಪ್ಪನೆಯ ಸೀಸದ ಗುಂಡು ಕೂರಿಸುತ್ತಿದ್ದಳು. ಸುಪೀರಿಯರ್ ಸರೋವರದ ಕಡೆಯ ಪೊದೆಕಾಡಿನಲ್ಲಿ ಜಿಂಕೆಯೋ ಕರಡಿಯೋ ಕಾಣುವುದೇ ನಲವತ್ತು ಹೆಜ್ಜೆಗೆ. ಅಲ್ಲಿಗೆ ಭಾರದ ಗುಂಡೇ ಸರಿ. ಹೊಡೆಯುವುದು ಮತ್ತು ಹೊಡೆದದ್ದನ್ನು ಊರಿಗೆ ಸಾರುವುದು ಆರ್ವೋನ ಇಲಾಖೆ. "ನನ್ನ ಕೋವಿ ಹೇಸರಗತ್ತೆ ಒದ್ದ ಹಾಗೆ ಒದೆಯುತ್ತೆ. ಈ ಹೆಗಲು ಅಲುಗಿದ್ದುಂಟಾ?" ಎನ್ನುತ್ತಿದ್ದ. (ತಾಮ್ರದ ಗಣಿಯಲ್ಲಿ ಮುರಿದು, ಹೇಗೋ ಕೂಡಿಕೊಂಡ ಹೆಗಲು ಅದು. ಆ ಭಾಗ ಅವನ ಭಾಷಣದಲ್ಲಿ ಬರುತ್ತಿರಲಿಲ್ಲ.)

ಬೇಟೆಯ ಕಾಲಕ್ಕೆ ಹತ್ತೇ ದಿನ. ಅವಳು ತುಂಬಿಸಿಟ್ಟವು ಮೂರೇ ಉಳಿದಿದ್ದವು. ಅವನ್ನು ಮುಟ್ಟಲು ಮನಸ್ಸಾಗಲಿಲ್ಲ. ಮದ್ದಿನ ಅಳತೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಪಟ್ಟಿ ಮಾಡಿದ್ದ ಪುಸ್ತಕ ತೆರೆದು ತಾನೇ ಕೂತ. ಹಿಲ್ಯಾಳ ತಂಗಿ ಸೈಮಾ ಮಾಂಸ ತುಂಬಿ ಬೇಯಿಸಿದ ಬಿಸಿ ಪ್ಯಾಸ್ಟಿ ಹಿಡಿದು ಬಂದಾಗ ಮೇಜು ರಣರಂಗವಾಗಿತ್ತು.

"ಎಷ್ಟು ಹಾಕಿದಿರಿ ಭಾವ?"

"ಪುಸ್ತಕದ ಕಡೇ ಸಾಲು. ನಿಮ್ಮಕ್ಕನೂ ಇಷ್ಟೇ ಹಾಕ್ತಿದ್ದಿರ್ಬೇಕು."

ಸೈಮಾ ಪ್ಯಾಸ್ಟಿಯ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ಮೊದಲು ತಿನ್ನಿ. ಆಮೇಲೆ ಕೈ ಎತ್ತೋಕಾಗುತ್ತೋ ಇಲ್ಲವೋ."

ಹೊಸ ತೋಟಾ ಹೊಡೆದು ನೋಡಲು ಇಬ್ಬರೂ ಜಲ್ಲಿ ಗುಂಡಿಯ ಹತ್ತಿರ ಹೋದರು. ಆರ್ವೋ ವೀರಾಧಿವೀರನಂತೆ ನಿಂತು ಕೋವಿಯ ಕುದುರೆ ಎಳೆದ. ಮುಂದೆ ಅವನಿಗೆ ಕಂಡದ್ದು ಆಕಾಶ. ಹಿಮದಲ್ಲಿ ಅಂಗಾತ ಬಿದ್ದಿದ್ದ. ಬಲಗೈ ಅವನ ಮಾತು ಕೇಳುತ್ತಿರಲಿಲ್ಲ.

"ಮದ್ದು ಕೆಟ್ಟಿದೆ," ಎಂದು ನರಳಿದ.

"ಮದ್ದು ಸರಿಯಾಗೇ ಇದೆ," ಎನ್ನುತ್ತ ಸೈಮಾ ಪಕ್ಕದಲ್ಲಿ ಮಂಡಿಯೂರಿದಳು. "ಅಕ್ಕ ನಿಮಗೆ ಯಾವತ್ತೂ ಇಷ್ಟು ಹಾಕಿರಲಿಲ್ಲ."

"ನಂಗೆ ಹೇಳಲೇ ಇಲ್ಲ."

"ಹೆಗಲು ಮುರಿದ ವರ್ಷ ಕೋವಿ ಮಾರ್ತೀನಿ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ರಿ. ಅವತ್ತಿಂದಲೇ ಅಕ್ಕ ತುಂಬಿಸೋಕೆ ಕೂತಿದ್ದು. ಮದ್ದು ಕಡಿಮೆ ಅಂತ ಹೇಳಿದ್ರೆ ಕೋವಿ ಮುಟ್ತಿದ್ರಾ?"

"ಜಿಂಕೆ ಬೀಳ್ತಿದ್ವಲ್ಲ?"

"ಬೀಳದೆ ಏನು. ಅದು ಮುಖದ ಮುಂದೆ ಬರೋ ಜಾಗ ಹುಡುಕಿ ನಿಮ್ಮನ್ನ ಕೂರಿಸ್ತಿದ್ದೋಳೂ ಅವಳೇ."

ವೈದ್ಯರು ಕೈಯನ್ನು ಕುತ್ತಿಗೆಗೆ ನೇತುಹಾಕಿ, ಈ ಸಲ ಬೇಟೆ ಇಲ್ಲ ಎಂದರು. ಮರುದಿನ ಮಧ್ಯಾಹ್ನ ಆರ್ವೋ ಹಿಲ್ಯಾಳ ಮೂರು ತೋಟಾಗಳನ್ನು ಸೈಮಾಳ ಮುಂದಿಟ್ಟ.

"ಒಂದನ್ನ ಬಿಚ್ಚು."

"ಅಕ್ಕನ ಕೈಯಿಂದಾಗಿದ್ದು ಇಷ್ಟೇ ಉಳಿದಿರೋದು ಭಾವ."

"ಬಿಚ್ಚದೆ ಹೇಗೆ ಗೊತ್ತಾಗುತ್ತೆ?"

ಅವಳು ಗುಂಡು ಕಿತ್ತು ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದಳು. ಮುಳ್ಳು ನಿಂತ ಕಡೆ ಓದಿ ಪುಸ್ತಕದಲ್ಲಿ ಹುಡುಕಿದಳು. ಮೊಟ್ಟಮೊದಲ ಸಾಲು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: 'ಹೊಸದಾಗಿ ಕಲಿಯುವವರಿಗೆ'.

ಆರ್ವೋ ನಗಲು ಹೋದ. ಮೂವತ್ತೊಂದು ವರ್ಷ ತಾನು ಹೊಸದಾಗಿ ಕಲಿಯುವವನು. ನಗು ಅರ್ಧಕ್ಕೇ ಮುರಿದು ಇನ್ನೇನೋ ಆಯಿತು. ಏಳು ತಿಂಗಳಿಂದ ಬಾರದಿದ್ದದ್ದು ಈಗ ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿತು.

ಸೈಮಾ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. "ಒದ್ದೆಯಾದ್ರೆ ಮದ್ದು ಕೆಡುತ್ತೆ ಭಾವ. ಸ್ವಲ್ಪ ದೂರ ಕೂತ್ಕೊಂಡು ಅಳಿ."

ಆರ್ವೋ ಎಡಗೈಯಿಂದ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡ.