ಬನ್ನಂಜೆಯ ಮಹಡಿ ಮೇಲಿನ ಮೀನುಗಳು

ಪಾಲುದಾರಿಕೆಯ ದೋಣಿಗೆ ಮೀನು ಸಿಗದ ದಿನಗಳುಂಟು, ತಮಾಷೆ ಸಿಗದ ದಿನವಿಲ್ಲ. ಇದನ್ನು ನಾನು ಹುಡುಕಿಕೊಂಡು ಹೋದವನಲ್ಲ. ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಲ್ಲಿ ಇಂಥದ್ದು ಕಡಿಮೆ. ಕಾಪುವಿನ ಸೋದರಮಾವ ಹಳೆಯ ಪದ್ಧತಿಯ ಮನುಷ್ಯ. ತೀರಿಕೊಳ್ಳುವ ಮೊದಲು ತಮ್ಮ ದೋಣಿಯ ಪಾಲನ್ನು ಅಳಿಯನಾದ ನನಗೆ ಬರೆದಿಟ್ಟರು. ಬೇರೆಯವರಿಗೆ ಮಾವಂದಿರಿಂದ ಗದ್ದೆ ಬರುತ್ತದೆ. ನನಗೆ ಬಂದದ್ದು ಇಬ್ಬರು ಪಾಲುದಾರರು ಮತ್ತು ಒಬ್ಬ ತಂಡೇಲ.

ಪಾಲುದಾರರಲ್ಲಿ ಒಬ್ಬರು ಸಾಹೇಬರು. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು, ಈಗ ಕಾಪುವಿನಲ್ಲಿ ಪೈಂಟ್ ಮತ್ತು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಇನ್ನೊಬ್ಬರು ಬೆಳ್ಮಣ್ಣಿನವರು. ಊರಲ್ಲಿ ಎಣ್ಣೆ ಗಿರಣಿ ಉಂಟು. ಸಮುದ್ರ ಕಂಡರೆ ವಾಂತಿ. ಹಾಗಾದರೆ ದೋಣಿಯ ಪಾಲು ಯಾಕೆ ತೆಗೆದುಕೊಂಡಿರಿ ಎಂದರೆ, "ನನಗೆ ಮೀನು ಇಷ್ಟ ಅಲ್ವಾ" ಎನ್ನುತ್ತಾರೆ. ತಂಡೇಲ ಎಂದರೆ ದೋಣಿ ನಡೆಸುವವ. ನಮ್ಮ ನಾಲ್ವರಲ್ಲಿ ಸಮುದ್ರಕ್ಕೆ ಹೋಗುವ ಕಾರಣ ಇದ್ದದ್ದು ಅವನೊಬ್ಬನಿಗೆ.

ಶೇಡ್ ಕಾರ್ಡ್

ಮಳೆಗಾಲದಲ್ಲಿ ದೋಣಿ ದಡದಲ್ಲಿದ್ದಾಗ ನಮ್ಮ ಹಳೆಯ ಫಿಶ್‌ಫೈಂಡರ್ ಸತ್ತಿತು. ಅದು ದೋಣಿಯ ಅಡಿಯಿಂದ ನೀರಿಗೆ ಶಬ್ದ ಕಳುಹಿಸಿ, ತಿರುಗಿ ಬಂದದ್ದನ್ನು ಪರದೆಯ ಮೇಲೆ ಗೀಚುವ ಯಂತ್ರ. ಹೊಸದರಲ್ಲಿ ಪರದೆಯ ಅರ್ಧ ಭಾಗ ಸಮುದ್ರದ ನಕ್ಷೆಯನ್ನೂ ತೋರಿಸುತ್ತದೆ. ಕಲರ್ ತರುವುದೋ ಕಪ್ಪು ಬಿಳುಪೋ ಎಂದು ತೀರ್ಮಾನಿಸಲು ಸಾಹೇಬರ ಅಂಗಡಿಯಲ್ಲಿ, ಪೈಂಟ್ ಡಬ್ಬಿಗಳ ನಡುವೆ ಸಭೆ ಸೇರಿತು. ನಮ್ಮ ಮಾತು ಯಾವಾಗಲೂ ತುಳುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಜಗಳಕ್ಕೆ ಒಂದು ಮರ್ಯಾದೆ ಬೇಡವೇ? ಆ ದಿನ ಪೂರ್ತಿ ಕನ್ನಡ ನಡೆಯಿತು.

"ಕಲರ್," ಎಂದರು ಸಾಹೇಬರು. "ಗಲ್ಫಿನಲ್ಲಿ ಕಪ್ಪು ಬಿಳುಪು ಅಂತ ಉಂಟಾದರೆ ಅದು ಅಲ್ಲಿಯವರ ಬಟ್ಟೆ ಮಾತ್ರ."

"ಕಲರಿನಲ್ಲಿ ಬಂಗುಡೆ ಹಸಿರು, ಅಂಜಲ್ ಬೆಳ್ಳಿ, ಹಾಗೆ ಕಾಣುತ್ತದಾ ಮಾಷ್ಟ್ರೇ?" ಬೆಳ್ಮಣ್ಣಿನವರು ಕೇಳಿದರು.

ಆ ಬಣ್ಣ ಮೀನಿನದ್ದಲ್ಲ, ತಿರುಗಿ ಬಂದ ಶಬ್ದದ ಬಲದ್ದು ಎಂದು ವಿವರಿಸಿದೆ. ಬಲವಾಗಿ ಬಂದರೆ ಕೆಂಪು, ದುರ್ಬಲವಾದರೆ ನೀಲಿ. ಅವರು ಗಂಭೀರವಾಗಿ ತಲೆಯಾಡಿಸಿದರು.

"ಅರ್ಥವಾಯಿತು. ಕೆಂಪು ಕಂಡರೆ ಕೆಂಬೇರಿ ಮೀನು."

ನನ್ನ ಮತ ಕಪ್ಪು ಬಿಳುಪಿಗೆ ಎಂದೆ. ಬಿಸಿಲಲ್ಲಿ ಕಾಣುತ್ತದೆ, ಬ್ಯಾಟರಿ ತಿನ್ನುವುದಿಲ್ಲ. ಸಾಹೇಬರು ನನ್ನ ಮುಂದೆ ಪೈಂಟ್ ಕಂಪೆನಿಯ ಶೇಡ್ ಕಾರ್ಡ್ ಬಿಡಿಸಿದರು. "ನೋಡಿ ಮಾಷ್ಟ್ರೇ, ಇಷ್ಟು ಬಣ್ಣ ದೇವರು ಕೊಟ್ಟಿದ್ದಾನೆ. ನಿಮಗೆ ಬೇಕಾದ್ದು ಬೂದಿ."

ಕೊನೆಗೆ ತಂಡೇಲನನ್ನು ಕೇಳಿದೆವು. ಅವನು ಬಾಗಿಲ ಬಳಿ ನಿಂತಿದ್ದ.

"ಬಣ್ಣ ಯಾವುದೂ ಆಗಬಹುದು. ಭಾವನಿಗೆ ಕಾಣಬಾರದು."

ಭಾವ ಎಂದರೆ ಅವನ ಅಕ್ಕನ ಗಂಡ. ಅವರಿಗೂ ಒಂದು ದೋಣಿ ಉಂಟು. ಮೀನು ಹುಡುಕುವ ಕಷ್ಟವನ್ನು ಅವರು ಬಹಳ ಹಿಂದೆಯೇ ಬಿಟ್ಟಿದ್ದರು. ನಮ್ಮ ದೋಣಿಯ ಹಿಂದೆ ಬರುತ್ತಾರೆ, ನಾವು ನಿಂತಲ್ಲಿ ಹತ್ತಿರ ಬಂದು ಪರದೆಗೆ ಇಣುಕುತ್ತಾರೆ, ನಾವು ಬಲೆ ಬಿಡಿಸುವ ಮೊದಲು ಬಲೆ ಹಾಕುತ್ತಾರೆ. ಬೇರೆ ಯಾರೇ ಆದರೂ ತಂಡೇಲನ ಬಾಯಿಗೆ ಹೆದರಿ ಓಡುತ್ತಿದ್ದರು. ಆದರೆ ಅಕ್ಕನ ಗಂಡನಿಗೆ ಬೈಯುವ ಹಾಗಿಲ್ಲ. "ಬನ್ನಿ ಭಾವ" ಎನ್ನಬೇಕು. ಎರಡು ಸೀಸನ್ ಅವನು "ಬನ್ನಿ ಭಾವ" ಎಂದಿದ್ದ.

"ಈ ಸಲವೂ ಭಾವ ನಮ್ಮ ಮೀನು ತಿಂದರೆ ನಾನು ಮಲ್ಪೆಗೆ, ಟ್ರಾಲರ್ ಬೋಟಿಗೆ ಹೋಗುತ್ತೇನೆ," ಎಂದ ತಂಡೇಲ. "ಅವರು ಕರೆಯುತ್ತಿದ್ದಾರೆ. ಆಮೇಲೆ ದೋಣಿ ನೀವೇ ನಡೆಸಿ."

ನಾವು ಮೂವರು ಪರಸ್ಪರ ನೋಡಿಕೊಂಡೆವು. ಒಬ್ಬ ಭೌತಶಾಸ್ತ್ರದವ, ಒಬ್ಬ ಪೈಂಟಿನವ, ಒಬ್ಬ ವಾಂತಿಯವ. ದೋಣಿ ಕಾಗೆಗಳಿಗೆ ಕೂರಲು ಒಳ್ಳೆಯದಾಗುತ್ತಿತ್ತು.

ಮೊದಲ ಮಹಡಿ

ಯಂತ್ರ ನೋಡಲು ಬನ್ನಂಜೆಗೆ ಹೋದೆವು. ಅಂಗಡಿ ಒಂದು ಬೇಕರಿಯ ಮೇಲೆ, ಮೊದಲ ಮಹಡಿಯಲ್ಲಿ. ಅಂಗಡಿಯವರು ಕಲರ್ ಯಂತ್ರದ ಬಟನ್ ಒತ್ತಿದರು. ಪರದೆಯ ತುಂಬ ಮೀನು. ಹಿಂಡು ಹಿಂಡಾಗಿ, ಕೆಂಪು ಹಳದಿ ಬಣ್ಣದಲ್ಲಿ ಮೀನುಗಳು ಮೆರವಣಿಗೆ ಹೊರಟವು. ಬೆಳ್ಮಣ್ಣಿನವರು ಕುರ್ಚಿಯಿಂದ ಎದ್ದರು.

"ಮಹಡಿ ಮೇಲೆಯೇ ಇಷ್ಟು ತೋರಿಸುವುದಾದರೆ ಸಮುದ್ರದಲ್ಲಿ ಎಷ್ಟು ತೋರಿಸಬಹುದು ಮಾರಾಯ್ರೆ!"

ಅದು ಡೆಮೊ, ಗಿರಾಕಿಗೆ ತೋರಿಸಲು ಕಂಪೆನಿಯವರೇ ಒಳಗೆ ತುಂಬಿಸಿಟ್ಟ ಚಿತ್ರ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಹೆಚ್ಚು ಓದಿದವರಿಗೆ ಕಣ್ಣೆದುರಿನ ಮೀನೂ ಕಾಣುವುದಿಲ್ಲ ಎಂಬ ನೋಟ.

ಆಮೇಲೆ ಕಪ್ಪು ಬಿಳುಪಿನದ್ದನ್ನು ಹಾಕಿದರು. ಹಳೆಯ ಸ್ಟಾಕ್, ಡೆಮೊ ಇಲ್ಲ. ಪರದೆ ಖಾಲಿ. ಆಳ ತೋರಿಸುವಲ್ಲಿ ಎರಡು ಅಡ್ಡಗೆರೆ.

"ಇದು ಹಾಳಾಗಿದೆ," ಎಂದರು ಬೆಳ್ಮಣ್ಣಿನವರು.

"ಇಲ್ಲಿ ನಿಜ ಹೇಳುತ್ತಿರುವುದು ಇದೊಂದೇ," ಎಂದೆ. "ಬನ್ನಂಜೆಯಲ್ಲಿ ಮೀನಿಲ್ಲ."

ಅಂಗಡಿಯವರು ನಿಟ್ಟುಸಿರು ಬಿಟ್ಟರು. "ಅದಕ್ಕೇ ಸರ್, ಅದು ಇನ್ನೂ ಇಲ್ಲೇ ಉಂಟು."

ಕೂಲಿಂಗ್ ಗ್ಲಾಸ್

ಸಾಹೇಬರ ಮಾತಿಗೆ ಅಂಗಡಿಯವರು ಎರಡನ್ನೂ ಪರೀಕ್ಷೆಗೆ ಕೊಟ್ಟರು. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಉದ್ಯಾವರ ಹೊಳೆಯಲ್ಲಿ ದೋಣಿ ಇಳಿಸಿದೆವು. ಬೆಳ್ಮಣ್ಣಿನವರು ದಡದಲ್ಲೇ ನಿಂತರು. ಹೊಳೆಗೂ ವಾಂತಿ ಉಂಟೋ ಎಂದು ಪರೀಕ್ಷಿಸುವ ಮನಸ್ಸು ಅವರಿಗಿರಲಿಲ್ಲ.

ಬಿಸಿಲಿಗೆ ಕಲರ್ ಪರದೆ ಕನ್ನಡಿಯಾಯಿತು. ಅದರಲ್ಲಿ ತಂಡೇಲನಿಗೆ ಕಂಡದ್ದು ತನ್ನದೇ ಮೀಸೆ. ಅವನು ತಲೆಗೂ ಪರದೆಗೂ ಸೇರಿಸಿ ಹೆಗಲ ಮೇಲಿನ ಬೈರಾಸು ಹೊದ್ದುಕೊಂಡು ಒಳಗೆ ನೋಡತೊಡಗಿದ, ಹಳೆಯ ಸ್ಟುಡಿಯೊದ ಫೋಟೊಗ್ರಾಫರನ ಹಾಗೆ.

"ಈಗ ಚಂದ ಕಾಣುತ್ತದೆ," ಎಂದ ಬೈರಾಸಿನ ಒಳಗಿಂದ. "ಆಳ ಕಡಿಮೆಯಾಗುತ್ತಾ ಬಂತು. ಇನ್ನೂ ಕಡಿಮೆ. ಈಗ ಸೊನ್ನೆ."

ದೋಣಿ ಮರಳ ದಿಣ್ಣೆಯ ಮೇಲೆ ನಿಂತಿತ್ತು. ಯಂತ್ರ ಸರಿಯಾಗಿಯೇ ಹೇಳಿತ್ತು. ಹೊರಗೆ ನೋಡಲು ಯಾರೂ ಇರಲಿಲ್ಲ ಅಷ್ಟೆ, ನಾನೂ ಸಾಹೇಬರೂ ಬೈರಾಸನ್ನೇ ನೋಡುತ್ತಿದ್ದೆವು.

ಕಪ್ಪು ಬಿಳುಪಿನದ್ದು ಅದೇ ಬಿಸಿಲಲ್ಲಿ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ನಾನು ಹೆಮ್ಮೆಯಿಂದ ಸಾಹೇಬರತ್ತ ತಿರುಗಿಸಿದೆ. ಅವರು ಗಲ್ಫಿನಿಂದ ತಂದ ಕೂಲಿಂಗ್ ಗ್ಲಾಸಿನ ಒಳಗಿಂದ ನೋಡಿದರು.

"ಕರೆಂಟ್ ಹೋಗಿದೆ."

"ಇಲ್ಲವಲ್ಲ, ಉಂಟು."

"ಪೂರ್ತಿ ಕಪ್ಪು ಮಾಷ್ಟ್ರೇ. ಅರ್ಧ ಅಮಾವಾಸ್ಯೆ, ಇನ್ನರ್ಧವೂ ಅಮಾವಾಸ್ಯೆ."

ವರ್ಷಗಟ್ಟಲೆ ಬೆಳಕಿನ ಧ್ರುವೀಕರಣ ಪಾಠ ಮಾಡಿದ್ದೇನೆ. ಅದರಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು. ಅಂಥ ಕನ್ನಡಕ ಬೆಳಕನ್ನು ಒಂದು ದಿಕ್ಕಿನಲ್ಲಿ ಮಾತ್ರ ಬಿಡುತ್ತದೆ, ಈ ಪರದೆಯ ಬೆಳಕು ಇನ್ನೊಂದು ದಿಕ್ಕಿನದ್ದು. ಕನ್ನಡಕ ತೆಗೆಯಿರಿ, ಇಲ್ಲವೇ ತಲೆ ಅಡ್ಡ ಮಾಡಿ ಎಂದೆ. ಕನ್ನಡಕ ತೆಗೆಯುವ ಪ್ರಶ್ನೆಯೇ ಇರಲಿಲ್ಲ, ಅದು ಗಲ್ಫಿನದ್ದು. ಸಾಹೇಬರು ತಲೆಯನ್ನು ಭುಜಕ್ಕೆ ತಾಗುವಷ್ಟು ವಾಲಿಸಿದರು.

"ಅಲ್ಲಾಹ್! ಬಂತು!"

ದಡ ಸೇರುವವರೆಗೂ ಹಾಗೆಯೇ ಕುಳಿತಿದ್ದರು. ಮರುದಿನ ಮೀನು ಮಾರುವ ಹೆಂಗಸೊಬ್ಬಳು ನನ್ನನ್ನು ತಡೆದು, ಸಾಹೇಬರ ಕುತ್ತಿಗೆಗೆ ಒಳ್ಳೆಯ ಎಣ್ಣೆ ಹಾಕುವ ಪಂಡಿತರು ಕಾರ್ಕಳದಲ್ಲಿ ಇದ್ದಾರೆ ಎಂದು ತಿಳಿಸಿದಳು.

ವೀಸಾ

ಮತ ಹಾಕಿದೆವು. ಕಲರಿಗೆ ಎರಡು, ಕಪ್ಪು ಬಿಳುಪಿಗೆ ಎರಡು. ಪಾಲುದಾರಿಕೆಯಲ್ಲಿ ಇದಕ್ಕೆ ಒಂದೇ ಪರಿಹಾರ: ಅರ್ಧ ಜನರಿಗೆ ಬೇಡವಾದದ್ದನ್ನು ಎಲ್ಲರೂ ಸೇರಿ ಕೊಳ್ಳುವುದು. ಎರಡೂ ಬಂದವು.

ಆದರೆ ನೀರಿನೊಳಗೆ ಶಬ್ದ ಕಳುಹಿಸುವ ಬಿಲ್ಲೆ ಒಂದನ್ನೇ ಕಟ್ಟಬಹುದು. ಎರಡಾದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿ, ನಮ್ಮ ಸಭೆಯ ಹಾಗೆಯೇ ಆಗುತ್ತದೆ. ತಂಡೇಲ ಬಿಲ್ಲೆಯನ್ನು ಕಪ್ಪು ಬಿಳುಪಿನದ್ದಕ್ಕೆ ಸೇರಿಸಿ, ಅದನ್ನು ತನ್ನ ಕಾಲ ಬಳಿ ಕೂರಿಸಿದ. ಕಲರಿನದ್ದು ನಕ್ಷೆ ತೋರಿಸಿಕೊಂಡು ಇರಲಿ ಎಂದು ಹಿಂಬದಿಯಲ್ಲಿ ಒಂದು ಪ್ಲೈವುಡ್ ಪೆಟ್ಟಿಗೆಯೊಳಗೆ ನಿಲ್ಲಿಸಿದ.

ಸೀಸನ್ ಶುರುವಾಗುವ ಮುನ್ನಾದಿನ ದೋಣಿಗೆ ಪೂಜೆ. ಬೆಳ್ಮಣ್ಣಿನವರು ಬೇಗ ಬಂದು ತಮ್ಮ ಕಲರ್ ಯಂತ್ರ ನೋಡಿದರು. ಪರದೆಯಲ್ಲಿ ಮೀನು ತೋರಿಸುವ ಅರ್ಧ ಖಾಲಿ. ಅವರ ಮುಖವೂ ಖಾಲಿಯಾಯಿತು. ಇದ್ದ ಬಟನ್‌ಗಳನ್ನೆಲ್ಲ ಒಂದೊಂದಾಗಿ ಒತ್ತಿದರು. ನಾವು ಬರುವಾಗ ಕೂಗುತ್ತಿದ್ದರು, "ರಿಪೇರಿ ಮಾಡಿದೆ! ರಿಪೇರಿ ಮಾಡಿದೆ!"

ಬನ್ನಂಜೆಯ ಮೀನುಗಳು ಮತ್ತೆ ಮೆರವಣಿಗೆ ಹೊರಟಿದ್ದವು. ಡೆಮೊ ಶುರುವಾಗಿತ್ತು. ಪಕ್ಕದ ನಕ್ಷೆಯಲ್ಲಿ ನಮ್ಮ ದೋಣಿ ಯಾವುದೋ ಪರದೇಶದ ಸರೋವರದಲ್ಲಿ ಭರದಿಂದ ಸಾಗುತ್ತಿತ್ತು. ಸಾಹೇಬರು ತಲೆ ವಾಲಿಸಿ ನೋಡಿದರು.

"ಒಂದು ವೀಸಾಕ್ಕೆ ನಾನು ಮುಂಬೈಯಲ್ಲಿ ಎಷ್ಟು ಚಪ್ಪಲಿ ಸವೆಸಿದ್ದೇನೆ ಗೊತ್ತುಂಟಾ? ಇವರು ಬಟನ್ ಒತ್ತಿ ಹೋದರು."

ನಾನು ಡೆಮೊ ನಿಲ್ಲಿಸಲು ಕೈ ಚಾಚಿದೆ. ತಂಡೇಲ ನನ್ನ ಕೈ ಹಿಡಿದ. ಮೊದಲು ಪರದೆಯನ್ನು, ಆಮೇಲೆ ದೂರದಲ್ಲಿ ತಮ್ಮ ದೋಣಿಗೆ ಬಲೆ ತುಂಬಿಸುತ್ತಿದ್ದ ಭಾವನನ್ನು ನೋಡಿದ. ನನಗೂ ಅರ್ಥವಾಯಿತು. ಇಬ್ಬರೂ ಸೇರಿ ಪೆಟ್ಟಿಗೆಯ ಬಾಯಿಯನ್ನು ಹೊರಕ್ಕೆ, ಹಿಂದಿನಿಂದ ಬರುವವರ ಕಣ್ಣಿಗೆ ಸರಿಯಾಗಿ ತಿರುಗಿಸಿದೆವು.

ಬೆಳ್ಮಣ್ಣಿನವರಿಗೆ ಯಾರೂ ಏನೂ ಹೇಳಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ.

ಬನ್ನಿ ಭಾವ

ಮೊದಲ ದಿನ ಭಾನುವಾರ. ನಾನೂ ಹೋದೆ. ತಾವು ರಿಪೇರಿ ಮಾಡಿದ ಯಂತ್ರವನ್ನು ನೋಡಲೇಬೇಕೆಂದು ಬೆಳ್ಮಣ್ಣಿನವರೂ ಒಂದು ಪ್ಲಾಸ್ಟಿಕ್ ಬಾಲ್ದಿಯೊಂದಿಗೆ ಹತ್ತಿದರು. ಮಂದ ಬೆಳಕಿನಲ್ಲಿ ಹೊರಟೆವು. ಕಾಪುವಿನ ದೀಪಸ್ತಂಭ ಹಿಂದೆ ಉಳಿಯಿತು. ಅದರ ಜತೆ ಉಳಿಯದ ಒಂದು ದೀಪವೂ ಇತ್ತು: ಭಾವನ ದೋಣಿಯದ್ದು.

ಒಂದು ಕಡೆ ತಂಡೇಲ ಇಂಜಿನ್ ನಿಲ್ಲಿಸಿದ. ಅಡಿಯಲ್ಲಿ ಬರೀ ಮರಳು ಎಂದು ನನ್ನ ಕಪ್ಪು ಬಿಳುಪಿನ ಯಂತ್ರ ಹೇಳುತ್ತಿತ್ತು. "ಆಚೆ ಬಂಡೆ ಉಂಟು, ಅಲ್ಲಿ ನಿಲ್ಲಬಹುದಿತ್ತು," ಎಂದು ಪಿಸುಗುಟ್ಟಿದ. "ಆದರೆ ಭಾವನ ಬಲೆ ಹರಿಯುತ್ತದೆ. ಅಕ್ಕನ ಗಂಡ ಅಲ್ವಾ."

ಭಾವ ಹತ್ತಿರ ಬಂದರು. ಮಸುಕಿನಲ್ಲಿ ನಮ್ಮ ಕಲರ್ ಪರದೆ ಮದುವೆ ಮನೆಯ ಚಪ್ಪರದ ಹಾಗೆ ಉರಿಯುತ್ತಿತ್ತು. ಕೆಂಪು ಹಿಂಡು, ಅದರ ಹಿಂದೆ ಇನ್ನೂ ದೊಡ್ಡ ಕೆಂಪು ಹಿಂಡು. ಅವರು ಕತ್ತು ಚಾಚಿದರು. ಆದರೂ ಸ್ವಲ್ಪ ಅನುಮಾನದಿಂದ ನಮ್ಮ ಮುಖಗಳನ್ನು ನೋಡಿದರು. ನನಗೆ ನಟನೆ ಬರುವುದಿಲ್ಲ. ತಂಡೇಲ ಹಗ್ಗ ನೋಡುತ್ತಿದ್ದ. ಇಡೀ ಸೀಸನ್ ಆ ಕ್ಷಣದ ಮೇಲೆ ನಿಂತಿತ್ತು.

ಆಗ ಬೆಳ್ಮಣ್ಣಿನವರು ಬಾಲ್ದಿಯಿಂದ ತಲೆ ಎತ್ತಿ, ಪೆಟ್ಟಿಗೆಯ ಬಾಯಿಗೆ ಬಗ್ಗಿ ಪರದೆ ನೋಡಿದರು.

"ಅಯ್ಯಯ್ಯೋ, ಎಂಥ ಮೀನು ಮಾರಾಯ್ರೆ! ಕೆಂಬೇರಿ! ಪೂರ್ತಿ ಕೆಂಬೇರಿ! ಎಂತ ನೋಡುತ್ತಾ ನಿಂತಿದ್ದೀರಿ? ಬಲೆ ಹಾಕಿ!"

ಅಷ್ಟು ಪ್ರಾಮಾಣಿಕವಾದ ಕೂಗು ಆ ಸಮುದ್ರದಲ್ಲಿ ಅದಕ್ಕಿಂತ ಮೊದಲು ಎದ್ದಿರಲಿಕ್ಕಿಲ್ಲ. ಭಾವನ ಬಲೆ ಆಗಲೇ ಅರ್ಧ ನೀರಿನಲ್ಲಿತ್ತು.

"ನಮ್ಮ ಬಲೆ ಗಂಟಾಗಿದೆ," ಎಂದ ತಂಡೇಲ, ಎರಡು ಸೀಸನ್‌ನ ವಿನಯವನ್ನೆಲ್ಲ ಒಟ್ಟುಗೂಡಿಸಿ. "ಬನ್ನಿ ಭಾವ. ನೀವೇ ಹಾಕಿ."

ಅವರು ಬಲೆಗೆ ಕಟ್ಟುಬಿದ್ದಿರುವಾಗ ನಾವು ಮೆಲ್ಲಗೆ ಜಾರಿದೆವು. ಕಾಲ ಬಳಿಯ ಬೂದಿ ಪರದೆಯಲ್ಲಿ ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಯಾರೋ ಪೆನ್ಸಿಲಿನಿಂದ ಗೀಚಿದ ಹಾಗೆ ಒಂದು ಕಪ್ಪು ಮೋಡ. ತಂಡೇಲ ಕೈ ಎತ್ತಿದ. ಬಲೆ ಹೋಯಿತು. ಬಲೆ ಬರುವಾಗ ದೋಣಿಯೇ ಒಂದು ಬದಿಗೆ ವಾಲಿತು. ಬಂಗುಡೆ. ಕಾಲಿಡಲು ಜಾಗವಿಲ್ಲದಷ್ಟು ಬಂಗುಡೆ. ಮೊಣಕಾಲವರೆಗೆ ಮೀನಿನಲ್ಲಿ ಹೂತು ಕುಳಿತ ಬೆಳ್ಮಣ್ಣಿನವರು ದಾರಿಯುದ್ದಕ್ಕೂ ಗೋಳಾಡಿದರು, "ಕೆಂಬೇರಿ ಬಿಟ್ಟು ಬಂದಿರಲ್ಲಾ!"

ದಡದಲ್ಲಿ ಜನ ಸೇರಿದರು. ಸಾಹೇಬರು ತಲೆ ವಾಲಿಸಿಕೊಂಡೇ ಓಡಿ ಬಂದು ತಂಡೇಲನನ್ನು ತಬ್ಬಿಕೊಂಡರು. "ಮಲ್ಪೆಗೆ ಯಾವಾಗ?" ಎಂದು ಕೇಳಿದೆ. "ಯಾವ ಮಲ್ಪೆ?" ಎಂದ ತಂಡೇಲ.

ಅಷ್ಟರಲ್ಲಿ ಭಾವ ಬಂದರು. ಅವರ ಬುಟ್ಟಿಯಲ್ಲಿ ಸಾರಿಗೆ ಸಾಲುವಷ್ಟು ಏಡಿ. ನೇರ ನಮ್ಮ ದೋಣಿಗೆ ನಡೆದರು. ಗಡಿಬಿಡಿಯಲ್ಲಿ ಯಂತ್ರ ಆರಿಸಲು ಎಲ್ಲರೂ ಮರೆತಿದ್ದೆವು. ದೋಣಿ ಒಣ ಮರಳಿನ ಮೇಲೆ, ತೆಂಗಿನ ಮರದ ನೆರಳಿನಲ್ಲಿ ಕುಳಿತಿತ್ತು. ಪರದೆಯಲ್ಲಿ ಕೆಂಪು ಮೀನುಗಳ ಮೆರವಣಿಗೆ ಇನ್ನೂ ಸಾಗಿತ್ತು. ಭಾವ ಪರದೆ ನೋಡಿದರು. ಬಗ್ಗಿ ದೋಣಿಯ ಅಡಿಯ ಮರಳು ನೋಡಿದರು. ಮತ್ತೆ ಪರದೆ ನೋಡಿದರು.

ತಂಡೇಲ ಮತ್ತೆ ಹಗ್ಗ ನೋಡತೊಡಗಿದ. ಸಿಕ್ಕಿಬಿದ್ದೆವು ಎಂದುಕೊಂಡೆ.

ಭಾವ ನಿಧಾನವಾಗಿ ಎದ್ದು ನಿಂತರು. "ಎಂಥ ಪವರ್ ಮಾರಾಯ ಇದರದ್ದು! ದಡದಲ್ಲಿಟ್ಟರೂ ಸಮುದ್ರದ ಮೀನು ತೋರಿಸುತ್ತದೆ. ಎಲ್ಲಿಂದ ತಂದದ್ದು?"

"ಬನ್ನಂಜೆ," ಎಂದ ತಂಡೇಲ ವಿನಯದಿಂದ. "ಮೊದಲ ಮಹಡಿ."

ಭಾವ ಅಂಥದ್ದನ್ನೇ ಕೊಂಡರು. ಅಂಗಡಿಯಲ್ಲಿ ನೋಡಿದ ಹಾಗೆಯೇ ಇರಬೇಕು, ಒಂದು ಬಟನ್ ಸಹ ಮುಟ್ಟಬಾರದು ಎಂದು ಹೇಳಿ ಕಟ್ಟಿಸಿಕೊಂಡರಂತೆ. ಈಗ ಅವರು ನಮ್ಮ ಹಿಂದೆ ಬರುವುದಿಲ್ಲ. ಅವರು ಹೋದಲ್ಲೆಲ್ಲ ಮೀನುಂಟು.